ಮುಖಕ್ಕೇ ಬೈಯುವ ಊರಿನಲ್ಲಿರುವ ಮಗಳಿಗೆ

ಪುಟ್ಟೀ,

ಕೆಳಗಿನ ಮನೆಯ ಅಜ್ಜಿ ಬೈದರು ಅಂತ ನೀನು ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು. ನಿನ್ನ ದನಿ ಕೇಳಿ ತಡೆದುಕೊಂಡೆ. ಭಾನುವಾರ ಮಧ್ಯಾಹ್ನ ಖಾಲಿ ಗಾಜಿನ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಬೀದಿ ಮೂಲೆಯ ಡಬ್ಬಕ್ಕೆ ಹಾಕೋಕೆ ಹೋದೆಯಲ್ಲ, ಅದೂ ಸ್ಟುಟ್‌ಗಾರ್ಟ್‌ನಲ್ಲಿ! ಆ ಡಬ್ಬದ ಮೇಲೆ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಹಾಕಬಹುದು ಅಂತ ಬರೆದಿರುತ್ತೆ, ನೋಡು. ಬಿಳಿ, ಹಸಿರು, ಕಂದು ಗಾಜಿಗೆ ಬೇರೆ ಬೇರೆ ಡಬ್ಬ. ಒಂದೊಂದು ಬಾಟಲಿ ಬಿದ್ದಾಗಲೂ ಫಳಾರ್ ಅಂತ ಸದ್ದು. ಭಾನುವಾರ ಅಂದ್ರೆ ಅಲ್ಲಿ ಅಂಗಡಿ ಮುಚ್ಚಿ, ಡ್ರಿಲ್ ಮಷೀನು ಎತ್ತಿಟ್ಟು, ಊರಿಗೆ ಊರೇ ಸುಮ್ಮನಿರುವ ದಿನ. ಅಜ್ಜಿ ಕಿಟಕಿ ತೆಗೆದು ಕೂಗದೆ ಇನ್ನೇನು ಮಾಡ್ತಾರೆ?

ಬೈದದ್ದು ಹೋಗಲಿ. ಆಮೇಲೆ ನೀನು "ಇಲ್ಲಿ ಯಾರಿಗೂ ನಾನು ಬೇಡಮ್ಮ" ಅಂದೆ. ಆ ಮಾತಿಗಾಗಿ ಈ ಪತ್ರ. ಫೋನಿನಲ್ಲಿ ಹೇಳಿದರೆ "ಗೊತ್ತಮ್ಮ, ಗೊತ್ತಮ್ಮ" ಅಂತ ಮುಗಿಸಿಬಿಡ್ತೀಯ. ಕನ್ನಡದಲ್ಲಿ ಬರೆದರೆ ನಿಧಾನವಾಗಿ ಓದಲೇಬೇಕು. ಅಳುತ್ತಿದ್ದವಳನ್ನು ಶನಿವಾರದ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋದದ್ದಕ್ಕೆ ಇಷ್ಟಾದರೂ ಲಾಭ ಬೇಡವಾ?

ನೀನು ಹುಟ್ಟೋಕೆ ಮುಂಚೆ ನನ್ನ ಬೆಂಗಳೂರಿನ ಆಫೀಸು ನನ್ನನ್ನೂ ಅದೇ ಊರಿಗೆ ಕಳಿಸಿತ್ತು ಅಂತ ನಿನಗೆ ಗೊತ್ತು. ಆಗಿನ್ನೂ ಕೈಯಲ್ಲಿ ಮಾರ್ಕ್ ನೋಟು, ಯೂರೋ ನೋಟು ಬಂದದ್ದು 2002ರಲ್ಲಿ. ಬೆಂಗಳೂರಿನಲ್ಲಿ ಜರ್ಮನಿಯ ಕಾನ್ಸುಲೇಟ್ ಇರಲಿಲ್ಲ. ವೀಸಾ ಬೇಕಂದ್ರೆ ರಾತ್ರಿ ರೈಲು ಹತ್ತಿ ಚೆನ್ನೈಗೆ ಹೋಗಿ, ಫೈಲು ತುಂಬ ಕಾಗದ ಹಿಡಿದು ಕಾಯಬೇಕಿತ್ತು. ನೀನು ಅಮೆರಿಕದ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋದೆ, ಅಷ್ಟೇ. ಅಮೆರಿಕದವರು ವೀಸಾ ಇಲ್ಲದೆ ಬಂದು, 90 ದಿನದೊಳಗೆ ಅಲ್ಲೇ ವಾಸದ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಜಪಾನ್, ಕೆನಡಾ, ಆಸ್ಟ್ರೇಲಿಯಾ ತರದ ಕೆಲವೇ ದೇಶದವರಿಗೆ ಈ ಸವಲತ್ತು ಇದೆ. ಭಾರತ ಆ ಪಟ್ಟಿಯಲ್ಲಿಲ್ಲ. ನಿನ್ನ ಜೊತೆ ಕೆಲಸ ಮಾಡುವ ಪುಣೆಯ ಹುಡುಗ ಏನೆಲ್ಲ ದಾಟಿಕೊಂಡು ಬಂದಿದ್ದಾನೆ ಅಂತ ಒಂದ್ಸಲ ಕೇಳಿ ನೋಡು.

ಆದರೆ ಪಾಸ್‌ಪೋರ್ಟ್ ಬ್ಯಾಗಿನ ಒಳಗಿರುತ್ತೆ, ಮುಖ ಹೊರಗಿರುತ್ತೆ. ಎಲ್ಲಿಯವಳು ಅಂದ್ರೆ ಮಿಶಿಗನ್ ಅಂತೀಯ. "ಅಲ್ಲ, ನಿಜವಾಗಿ ಎಲ್ಲಿಯವಳು?" ಅಂತಾರೆ. ಈ ಪ್ರಶ್ನೆ ನನಗೆ ಇಲ್ಲಿ ಮಿಶಿಗನ್‌ನಲ್ಲೇ ಕೇಳ್ತಾರೆ, ಇವತ್ತಿಗೂ. ನಿನಗೆ ಇಲ್ಲಿ ಅಷ್ಟಾಗಿ ಕೇಳಲಿಲ್ಲ. ನೀನು ಬಾಯಿ ತೆರೆದ ಕೂಡಲೇ ನಿನ್ನ ಇಂಗ್ಲಿಷ್ ಕೇಳಿ ಜನ ಸುಮ್ಮನಾಗ್ತಿದ್ದರು. ಅಲ್ಲಿ ಆ ಇಂಗ್ಲಿಷ್ ನಿನ್ನ ಕಾವಲಿಗಿಲ್ಲ. ಅಲ್ಲದೆ ಯುರೋಪಿಗೆಲ್ಲ ಸೇರಿದ ಅಮೆರಿಕ ಸೇನೆಯ ಕಮಾಂಡ್ ಕಚೇರಿ ನಿನ್ನ ಫೈಹಿಂಗನ್ ಬಡಾವಣೆಯಲ್ಲೇ ಇದೆ. ಅಮೆರಿಕದವರು ಅಂದ್ರೆ ಆ ಕಡೆ ಜನರ ಕಣ್ಣಿಗೆ ಬರೋದು ಸೇನೆಯ ಹುಡುಗರು. ಕಪ್ಪು ಜಡೆಯ ಎಂಜಿನಿಯರಿಂಗ್ ಹುಡುಗಿ ಆ ಲೆಕ್ಕದಲ್ಲಿ ಇಲ್ಲ. ಕೇಳಿದವರಿಗೆಲ್ಲ ಸಿಟ್ಟು ಮಾಡಿಕೊಳ್ಳಬೇಡ. ಪ್ರತಿಯೊಬ್ಬರಿಗೂ ವಂಶಾವಳಿ ಒಪ್ಪಿಸಲೂ ಬೇಡ. ಮಿಶಿಗನ್ ಅಂತ ಎರಡನೇ ಸಲ ನಗುತ್ತಾ ಹೇಳಿದರೆ ಅರ್ಥ ಆಗೋರಿಗೆ ಆಗುತ್ತೆ.

ಈಗ ಅಜ್ಜಿಯ ವಿಷಯ. ಒಂದೇ ಒಂದು ಕೇಳ್ತೀನಿ, ನೋಡಿ ಹೇಳು. ಅವರು ಬೈಯೋದು ನಿನಗೊಬ್ಬಳಿಗಾ, ಎಲ್ಲರಿಗೂನಾ? ಮೂರನೇ ಮಹಡಿಯ ಜರ್ಮನ್ ಹುಡುಗ ಸೈಕಲ್ಲನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿದಾಗ ಅವನಿಗೂ ಚೀಟಿ ಅಂಟಿಸಿದ್ದರು ಅಂತ ನೀನೇ ಹೇಳಿದೆ. ಹಾಗಿದ್ದರೆ ನಿಶ್ಚಿಂತೆಯಿಂದ ಇರು, ಅವರು ನಿನ್ನನ್ನೂ ಆ ಮನೆಯವಳು ಅಂತಲೇ ಲೆಕ್ಕ ಹಾಕಿದ್ದಾರೆ. ಎಲ್ಲರಿಗೂ ಬೈಯುವ ಅಜ್ಜಿ ಬೇರೆ, ನಿನ್ನ ಬಣ್ಣ ನೋಡಿ ಬೈಯುವವನು ಬೇರೆ. ಎರಡನೆಯವರೂ ಇದ್ದಾರೆ, ಇಲ್ಲ ಅಂತ ಸುಳ್ಳು ಹೇಳಲ್ಲ. ನನಗೂ ಟ್ರಾಮಿನಲ್ಲಿ ಒಬ್ಬ ಸಿಕ್ಕಿದ್ದ. ಅಂಥವನ ಜೊತೆ ವಾದಕ್ಕೆ ನಿಲ್ಲಬೇಡ. ಡ್ರೈವರ್ ಹತ್ತಿರ ಹೋಗಿ ನಿಲ್ಲು, ಬೇಕಾದರೆ ಪೊಲೀಸರಿಗೆ 110. ಎರಡನ್ನೂ ಒಂದೇ ಮಾಡಿಕೊಂಡರೆ ಮಾತ್ರ ಇಡೀ ಊರೇ ನಿನ್ನ ಮೇಲೆ ಬಿದ್ದ ಹಾಗೆ ಅನ್ನಿಸೋಕೆ ಶುರುವಾಗುತ್ತೆ.

ನೀನು ಬೆಳೆದದ್ದು ನಗುವ ಊರಿನಲ್ಲಿ. ಇಲ್ಲಿ ಅಂಗಡಿಯವಳೂ ನಗ್ತಾಳೆ, ಬ್ಯಾಂಕಿನವನೂ ನಗ್ತಾನೆ. ನಮ್ಮ ಪಕ್ಕದ ಮನೆಯವರು ದಿನಾ ಕೈ ಬೀಸುತ್ತಲೇ, ನಮ್ಮ ಹುಲ್ಲು ಉದ್ದ ಆಗಿದೆ ಅಂತ ಅಸೋಸಿಯೇಶನ್‌ಗೆ ಮೇಲ್ ಹಾಕಿದ್ದು ನೆನಪಿದೆಯಾ? ಅಲ್ಲಿನವರು ಹುಲ್ಲು ಉದ್ದ ಆಗಿದೆ ಅಂತ ನಮ್ಮ ಮುಖಕ್ಕೇ ಹೇಳ್ತಿದ್ದರು, ಮಾರನೇ ದಿನ ಗುಟನ್ ಮಾರ್ಗನ್ ಅಂತಿದ್ದರು. ನನಗಂತೂ ಇದೇ ವಾಸಿ. ನಿನ್ನ ಅಪ್ಪ ಒಪ್ಪಲ್ಲ, ಅದು ಬೇರೆ.

ನಿನ್ನ ಬಾಗಿಲ ಹಿಡಿಗೆ ಒಂದು ಪುಟ್ಟ ಫಲಕ ನೇತು ಹಾಕಿದ್ದರು, ಏನು ಅಂತ ಗೊತ್ತಾಗಲಿಲ್ಲ ಅಂದೆ. ಅದರ ಹೆಸರು ಕೇರ್‌ವೋಖೆ. ಆ ವಾರ ಮೆಟ್ಟಿಲು, ಮನೆ ಮುಂದಿನ ಕಾಲುದಾರಿ ಗುಡಿಸೋ ಪಾಳಿ ನಿನ್ನದು ಅಂತ. ಇದು ಶ್ವಾಬಿಯಾ ಪ್ರಾಂತ್ಯದ ಹಳೇ ಪದ್ಧತಿ. ವಾರ ಮುಗಿದ ಮೇಲೆ ನೀನು ಅದನ್ನು ಮುಂದಿನ ಮನೆಯ ಬಾಗಿಲಿಗೆ ಸಿಕ್ಕಿಸಬೇಕು. ಸುಮ್ನೆ ಸಿಕ್ಕಿಸಿದರೆ ಆಗಲ್ಲ, ಗುಡಿಸಿರಬೇಕು. ಮೂಲೆಗಳನ್ನೂ ಒರೆಸು, ಕೈಪಟ್ಟಿಯನ್ನೂ ಒರೆಸು. ಶನಿವಾರ ಬೆಳಿಗ್ಗೆ ಎಲ್ಲರೂ ಓಡಾಡುವ ಹೊತ್ತಿಗೆ ಮಾಡಿದರೆ ಉತ್ತಮ, ನಾಲ್ಕು ಜನ ನೋಡ್ತಾರೆ, ಇಬ್ಬರು ಮಾತಾಡಿಸ್ತಾರೆ. ಶಿವಮೊಗ್ಗದಲ್ಲಿ ನಿನ್ನ ಅಜ್ಜಿ ಬೆಳಗಾದರೆ ಬಾಗಿಲು ಸಾರಿಸಿ ರಂಗೋಲಿ ಹಾಕದಿದ್ದರೆ ಬೀದಿಯವರು "ಯಾಕೆ, ಹುಷಾರಿಲ್ವಾ?" ಅಂತ ಕೇಳ್ತಿದ್ದ ಹಾಗೇ ಇದೂ. ನನಗೆ ಆ ಊರಲ್ಲಿ ಮೊದಲ ಗೆಳತಿ ಸಿಕ್ಕಿದ್ದು ಪೊರಕೆ ಹಿಡಿದಿದ್ದಾಗಲೇ.

ಆಫೀಸಿನ ಮಾತು. ನೀನು ರಾತ್ರಿ ಕೂತು ಕೆಲಸ ಮಾಡಿ ಮೇಲ್ ಕಳಿಸಿದರೆ ಟೀಮ್ ಲೀಡ್ "ಇನ್ನು ಮೇಲೆ ಹೀಗೆ ಮಾಡಬೇಡ" ಅಂದರು, ನನ್ನ ಕೆಲಸಕ್ಕೆ ಬೆಲೆಯೇ ಇಲ್ಲ ಅಂತ ಬೇಜಾರು ಮಾಡಿಕೊಂಡೆ. ಅದಕ್ಕೆ ಕಾರಣ ಬೇರೆ. ಒಂದು ದಿನದ ಕೆಲಸ ಮುಗಿಸಿ ಮಾರನೇ ದಿನದ್ದು ಶುರುಮಾಡೋಕೆ ನಡುವೆ 11 ಗಂಟೆ ಬಿಡುವು ಇರಲೇಬೇಕು ಅಂತ ಅಲ್ಲಿ ಕಾನೂನೇ ಇದೆ. ದಿನಕ್ಕೆ 10 ಗಂಟೆ ಮೀರಿ ಕೆಲಸ ಮಾಡಿಸುವ ಹಾಗೂ ಇಲ್ಲ. ನೀನು ರಾತ್ರಿ ಮೇಲ್ ಕಳಿಸಿದರೆ ಕಾನೂನಿಗೆ ಉತ್ತರ ಕೊಡಬೇಕಾದೋರು ಅವರು. ಹಾಗೆಯೇ ನಿನ್ನ ಸ್ಲೈಡ್ ನೋಡಿ "ಇದು ತಪ್ಪು" ಅಂದರೆ ಸ್ಲೈಡ್ ತಪ್ಪು ಅಂತ ಮಾತ್ರ ಅರ್ಥ, ನೀನು ದಡ್ಡಿ ಅಂತ ಅಲ್ಲ. ಅಮೆರಿಕದ ಹಾಗೆ ಮೊದಲು "ಸೂಪರ್, ಅದ್ಭುತ" ಅಂದು ಆಮೇಲೆ ತಪ್ಪು ಹೇಳೋ ರೂಢಿ ಅವರಿಗಿಲ್ಲ. ಬೈಯಲಿಲ್ಲ ಅಂದ್ರೆ ಹೊಗಳಿದ ಹಾಗೆ ಅಂತ ಶ್ವಾಬಿಯಾದವರದ್ದೇ ಒಂದು ಗಾದೆ ಇದೆ. ನಿನ್ನ ತಾತನೂ ಹೀಗೇ ಇದ್ದರು. ನಾನು ಎಂಜಿನಿಯರಿಂಗ್ ಪಾಸಾದಾಗ "ಹೂಂ" ಅಂದಿದ್ದರು, ಅಷ್ಟೇ.

ಇಂಟರ್ನ್‌ಶಿಪ್ ಮುಗಿದ ಮೇಲೆ ಬರಹದಲ್ಲಿ ತ್ಸೊಯ್ಗ್ನಿಸ್, ಅಂದ್ರೆ ಹೇಗೆ ಕೆಲಸ ಮಾಡಿದೆ ಅನ್ನೋ ಪ್ರಮಾಣಪತ್ರ, ಕೇಳಿ ತಗೋ, ಸಂಕೋಚ ಬೇಡ. ಅದು ನೋಡೋಕೆ ಪೂರ್ತಿ ಹೊಗಳಿಕೆ ತರ ಇರುತ್ತೆ, ಆದರೆ ಒಳಗೆ ಒಂದೊಂದು ಮಾತಿಗೂ ಒಂದೊಂದು ದರ್ಜೆ. ಅಲ್ಲೇ ಕೆಲಸ ಮಾಡಿ ಹಳಬರಾದೋರ ಹತ್ತಿರ ಓದಿಸಿದ ಮೇಲೆ ಖುಷಿಪಡು.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸ್ತೀನಿ, ನಿನಗೆ ಇದು ಬೋರು. ಪರ್ಮಿಟ್ ಕೈಗೆ ಬಂದ ಮೇಲೂ ಅದರ ಕೊನೇ ತಾರೀಕು ಕ್ಯಾಲೆಂಡರಿನಲ್ಲಿ ಬರೆದಿಡು. ಹೊಸ ಮನೆಗೆ ಹೋದರೆ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಮನೆ ಮಾಲೀಕರ ಸಹಿ ಹಾಕಿದ ಹಾಳೆ ಬೇಕು. ಟಿವಿ, ರೇಡಿಯೋ ಶುಲ್ಕ ಅಂತ ಮನೆಗೆ ತಿಂಗಳಿಗೆ 18.36 ಯೂರೋ ಕೇಳಿ ಪತ್ರ ಬರುತ್ತೆ. ಟಿವಿ ಇಲ್ಲದಿದ್ದರೂ ಕೊಡಬೇಕು. ಮೋಸದ ಪತ್ರ ಅಂತ ಕಸಕ್ಕೆ ಹಾಕಬೇಡ. ಜ್ವರದ ಮಾತ್ರೆ ಸೂಪರ್ ಮಾರ್ಕೆಟ್‌ನಲ್ಲಿ ಸಿಗಲ್ಲ, ಔಷಧಿ ಅಂಗಡಿಯಲ್ಲೇ ಸಿಗೋದು, ಆದ್ದರಿಂದ ಶನಿವಾರವೇ ತಂದಿಟ್ಟುಕೋ. ರಾತ್ರಿ ಡಾಕ್ಟರ್ ಬೇಕಾದರೆ 116117, ಪ್ರಾಣಕ್ಕೆ ಬಂದರೆ 112. ನಿನ್ನ ಬೆರಳು 911ಕ್ಕೆ ಹೋಗುತ್ತೆ, ಅದಕ್ಕೇ ಹೇಳಿದೆ. ಮತ್ತೆ, ಅಮೆರಿಕದ ಪ್ರಜೆ ಎಲ್ಲಿ ದುಡಿದರೂ ಇಲ್ಲಿನ ಟ್ಯಾಕ್ಸ್ ಲೆಕ್ಕದ ಕಣ್ಣು ಅಲ್ಲಿಗೂ ಬರುತ್ತೆ. ಸಂಬಳದ ಚೀಟಿಗಳನ್ನೆಲ್ಲ ಒಂದು ಕಡೆ ಇಡು. ಉಳಿದದ್ದು ಅಪ್ಪ ನೋಡ್ಕೋತಾರೆ.

ಒಂದು ತಮಾಷೆ ಗೊತ್ತಾ? ಆ ದೇಶದಲ್ಲಿ ಕೆಲವು ವಿಷಯದಲ್ಲಿ ನಿನಗಿಂತ ನಾನೇ ಒಳಗಿನವಳು. ನೀನು ಲಿಫ್ಟಿನಲ್ಲಿ 1 ಒತ್ತಿ ಬೀದಿ ಬಾಗಿಲು ಹುಡುಕ್ತೀಯ. ನಮಗೆ ಬೀದಿ ಮಟ್ಟ ಯಾವತ್ತೂ ಸೊನ್ನೆಯೇ. 07.04 ಅಂದ್ರೆ ನೀನು ಜುಲೈ 4 ಅಂತೀಯ, ಅಲ್ಲಿ ಅದು ಏಪ್ರಿಲ್ 7, ಶಿವಮೊಗ್ಗದಲ್ಲೂ ಏಪ್ರಿಲ್ 7. ಕಿಲೋಮೀಟರು, ಸೆಲ್ಸಿಯಸ್ಸು, ಎ4 ಹಾಳೆ, 230 ವೋಲ್ಟ್ ಕರೆಂಟು, ಎಲ್ಲ ನಮ್ಮ ಕಡೆಯದೇ. ಅಮೆರಿಕಕ್ಕೆ ಬಂದಮೇಲೆ ನಾನು ಮರೆಯಬೇಕಾಗಿ ಬಂದದ್ದನ್ನೆಲ್ಲ ನೀನು ಅಲ್ಲಿ ಕಲೀತಿದ್ದೀಯ.

ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸು ಇದೆಯಲ್ಲ ನಿನ್ನ ಹತ್ತಿರ, ಒಂದು ಶನಿವಾರ ಟ್ಯೂಬಿಂಗನ್‌ಗೆ ಹೋಗಿ ಬಾ. ನಿನ್ನ ಎಸ್1 ರೈಲಿನಲ್ಲೇ ಹೆರೆನ್‌ಬರ್ಗ್‌ವರೆಗೆ ಹೋಗಿ, ಅಲ್ಲಿಂದ ಚಿಕ್ಕ ರೈಲು. ಅದೇ ಎಸ್1 ಇನ್ನೊಂದು ದಿಕ್ಕಿನಲ್ಲಿ ಎಸ್ಲಿಂಗನ್‌ಗೂ ಹೋಗುತ್ತೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೊನೆಯುಸಿರು ಎಳೆದದ್ದು ಎಸ್ಲಿಂಗನ್‌ನಲ್ಲಿ, 1881ರಲ್ಲಿ. ನಮ್ಮ ಮನೆಯ ಮೇಲಿನ ಶೆಲ್ಫಿನಲ್ಲಿ ದಪ್ಪ ನಿಘಂಟು ಇದೆಯಲ್ಲ, ಫರ್ಡಿನಾಂಡ್ ಕಿಟ್ಟೆಲ್ ಅವರದು, ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದದ್ದು. ಅವರು ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಇಬ್ಬರಿಗೂ ಡಾಕ್ಟರೇಟ್ ಕೊಟ್ಟದ್ದು ಅಲ್ಲಿನ ವಿಶ್ವವಿದ್ಯಾಲಯವೇ. ಅವರು ನಮ್ಮ ಕಡೆ ಬಂದದ್ದು ಮತ ಪ್ರಚಾರಕ್ಕೆ, ಅದನ್ನು ಮರೆಸಿ ಹೇಳೋದು ನನಗಿಷ್ಟವಿಲ್ಲ. ಆದರೂ ಊರವರ ಮಾತು ಕಲಿಯದೆ ಏನೂ ಆಗಲ್ಲ ಅಂತ ಅವರಿಗೆ ಗೊತ್ತಿತ್ತು. ನಿನ್ನ ಆಫೀಸಿನಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ಸರಿ. ಕೆಳಗಿನ ಮನೆ ಅಜ್ಜಿಗೆ ಬರಲ್ಲ, ಅಲ್ವಾ? ಬೇಕರಿಯಲ್ಲಿ ಬ್ರೆಟ್ಸೆಲ್ ಕೊಳ್ಳುವಾಗಲಾದರೂ ಜರ್ಮನ್ ಮಾತಾಡು. ತಪ್ಪಾದರೆ ತಿದ್ದುತ್ತಾರೆ. ತಿದ್ದದೆ ಬಿಡೋ ಜನ ಅವರಲ್ಲ.

ರಸ್ತೆಯಲ್ಲಿ ನಡೆಯುವಾಗ ಕಲ್ಲುಹಾಸಿನ ನಡುವೆ ಅಂಗೈಯಷ್ಟು ಅಗಲದ ಹಿತ್ತಾಳೆ ಬಿಲ್ಲೆಗಳು ಕಾಣುತ್ತವೆ. ಶ್ಟೊಲ್ಪರ್‌ಶ್ಟೈನ್ ಅಂತಾರೆ, ನಾಜಿಗಳ ಕೈಗೆ ಸಿಕ್ಕವರ ನೆನಪಿಗೆ ಹಾಕಿದ್ದು. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ ಕೆಲಸ, ಈಗ ಯುರೋಪಿನಲ್ಲೆಲ್ಲ ಲಕ್ಷದ ಮೇಲಾಗಿವೆ. ದಾಟಿಕೊಂಡು ಹೋಗಬೇಡ, ಬಗ್ಗಿ ಓದು. ಇಲ್ಲಿ ಇಂಥವರು ವಾಸವಾಗಿದ್ದರು, ಹುಟ್ಟಿದ ವರ್ಷ, ಹಿಡಿದುಕೊಂಡು ಹೋದ ವರ್ಷ, ಕೊಂದ ಜಾಗ. ನಿನ್ನ ವಯಸ್ಸಿನ ಹುಡುಗಿಯರೂ ಇದ್ದಾರೆ. 1941ರ ಡಿಸೆಂಬರ್ 1ರಂದು ಆ ಊರಿನ ಉತ್ತರ ರೈಲು ನಿಲ್ದಾಣದಿಂದ ಸುಮಾರು 1000 ಯಹೂದಿಗಳನ್ನು ತುಂಬಿಕೊಂಡು ರೀಗಾಕ್ಕೆ ರೈಲು ಹೊರಟಿತ್ತು. ಪಕ್ಕದ ಮನೆಯವರು ನೋಡ್ತಾ ಇದ್ದರು. ಈಗ ಅವರ ಮೊಮ್ಮಕ್ಕಳು ಬ್ರಷ್ ತಂದು ಆ ಹಿತ್ತಾಳೆ ಉಜ್ಜೋದನ್ನು ನೀನು ನೋಡ್ತೀಯ. ಯಾರಾದರೂ ನಿನ್ನನ್ನು ಅಮೆರಿಕದ ಬಂದೂಕು, ಎಲೆಕ್ಷನ್ನು, ಆಸ್ಪತ್ರೆ ಬಿಲ್ಲು ಅಂತ ಕೆದಕಿ ಕೇಳಿದಾಗ ನಿನಗೆ ರೇಗುತ್ತೆ ಅಂತ ಗೊತ್ತು. ತಮ್ಮ ದೇಶದ ಬಗ್ಗೆ ಅವರನ್ನೂ ಕೇಳಿ ನೋಡು, ತಪ್ಪಿಸಿಕೊಳ್ಳದೆ ಮಾತಾಡೋರು ಬಹಳ ಜನ ಸಿಗ್ತಾರೆ.

ಅಡುಗೆ ಬಿಟ್ಟೇಬಿಟ್ಟೆನಲ್ಲ! ಒಗ್ಗರಣೆ ಹಾಕೋಕೆ ಮುಂಚೆ ರೂಮಿನ ಬಾಗಿಲು ಮುಚ್ಚಿ ಕಿಟಕಿ ಪೂರ್ತಿ ತೆರೆ. ಅಲ್ಲಿ ಚಳಿಗಾಲದಲ್ಲೂ ಐದು ಹತ್ತು ನಿಮಿಷ ಹಾಗೆ ಗಾಳಿ ಆಡಿಸ್ತಾರೆ, ನಿನ್ನ ಸಾಸಿವೆ ಹೊಗೆ ಅದರಲ್ಲೇ ಹೋಗುತ್ತೆ. ರಾತ್ರಿ 10ರ ಮೇಲೆ ಕುಕ್ಕರ್ ಕೂಗಿಸಬೇಡ. ಸಾರಿನ ಪುಡಿ, ಹುಳಿಪುಡಿ, ಒಂದು ಚೂರು ಇಂಗು ಪಾರ್ಸೆಲ್ ಮಾಡ್ತಾ ಇದ್ದೀನಿ. ಉಡುಗೊರೆ ಅಂದ್ರೆ 45 ಯೂರೋ ಒಳಗಿದ್ದರೆ ಸುಂಕ ಇಲ್ಲ. ನೀನು ತುಪ್ಪ ಕೇಳಿದ್ದೆ, ಹಾಲಿನ ಪದಾರ್ಥ ಆದ್ದರಿಂದ ಅಂಚೆಯಲ್ಲಿ ಕಳಿಸೋ ಹಾಗಿಲ್ಲ. ಅಲ್ಲಿನ ಬೆಣ್ಣೆ ಚೆನ್ನಾಗಿರುತ್ತೆ, ಎರಡು ಪ್ಯಾಕೆಟ್ ತಂದು ಸಣ್ಣ ಉರಿಯಲ್ಲಿ ಕಾಯಿಸಿಕೋ. ಕೊನೆಗೆ ಎರಡು ಎಲೆ ನುಗ್ಗೆಸೊಪ್ಪು ಬೇಕಿತ್ತು, ಇಲ್ಲದಿದ್ದರೆ ಬಿಡು.

ಶಿವಮೊಗ್ಗದ ಅಜ್ಜಿಗೆ ಫೋನ್ ಮಾಡು. ಇಲ್ಲಿದ್ದಾಗ ಒಂಬತ್ತೂವರೆ, ಹತ್ತೂವರೆ ಗಂಟೆ ವ್ಯತ್ಯಾಸ ಅಂತ ನೆಪ ಹೇಳ್ತಿದ್ದೆ. ಈಗ ಬೇಸಿಗೆಯಲ್ಲಿ ಬರೀ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ನಿನ್ನ ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಸಂಜೆ ಕಾಫಿ ಕುಡೀತಾ ಜಗುಲಿ ಮೇಲೆ ಕೂತಿರ್ತಾರೆ. ಕೇರ್‌ವೋಖೆ ಕತೆ ಹೇಳು, ಪೊರಕೆ ಯಾವ ತರದ್ದು ಅಂತ ಕೇಳೇ ಕೇಳ್ತಾರೆ.

ನಿನ್ನ
ಅಮ್ಮ