ಇನ್ನು ಮುಂದೆ ಒಣಗಿದ ನಾಟಾ ಮಾತ್ರ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ, ಆಚಾರ್ರಿಗೆ, ಮನೆ ಕಟ್ಟಿಸುತ್ತಿರುವವರಿಗೆ ನಮಸ್ಕಾರ.

ಈ ದೀಪಾವಳಿ ಕಳೆದ ಮೇಲೆ ನಮ್ಮ ಶಿವಮೊಗ್ಗದ ಡಿಪೋದಲ್ಲಿ ಹಸಿ ನಾಟಾ, ಅಂದರೆ ಒಣಗಿಸದ ಮರ, ಸಿಗುವುದಿಲ್ಲ. ಸಾಗುವಾನಿ, ಹೊನ್ನೆ, ಮತ್ತಿ, ನಂದಿ, ಹಲಸು ಯಾವುದೇ ಆಗಲಿ, ಒಣಗಿಸಿ, ತೇವಾಂಶ ನೋಡಿ, ಆಮೇಲೆ ಅಳೆದು ಕೊಡುತ್ತೇವೆ. ಇದರಿಂದ ಸಿಎಫ್‌ಟಿ (ಘನ ಅಡಿ) ದರ ಮೊದಲಿಗಿಂತ ಹೆಚ್ಚು ಕಾಣುತ್ತದೆ. ಯಾಕೆ, ಎಷ್ಟು ಎಂಬುದನ್ನು ಲೆಕ್ಕದ ಸಮೇತ ತಿಳಿಸುವುದು ನಮ್ಮ ಕರ್ತವ್ಯ.

ಮೂರು ತಲೆಮಾರಿನ ಈ ಮನೆತನದ ವ್ಯಾಪಾರ ಶುರುವಾದಾಗ ಮಲೆನಾಡಿನಲ್ಲಿ ನಾಟಾ ಎಂದರೆ ಕಾಡಿನ ಕೂಪಿನದು (ಮರ ಕಡಿಯಲು ಗುರುತಿಸಿದ ಜಾಗದ್ದು). ಬಲಿತ ಮರ, ಒಳಗೆಲ್ಲ ಚೇಗು, ಅಂದರೆ ನಡುವಿನ ಗಟ್ಟಿ ಕಪ್ಪು ಭಾಗ. ಕಡಿದ ದಿಮ್ಮಿ ಕೂಪಿನಲ್ಲಿ ಕಾಯುತ್ತಿತ್ತು, ಸರ್ಕಾರಿ ಡಿಪೋದಲ್ಲಿ ಹರಾಜಿಗೆ ಕಾಯುತ್ತಿತ್ತು. ಕೊಯ್ಸಿಕೊಂಡು ಹೋದವರೂ ಹಲಗೆಯನ್ನು ಅಟ್ಟದ ಮೇಲೆ ಒಂದೆರಡು ಬೇಸಿಗೆ ಇಟ್ಟೇ ಕೆಲಸಕ್ಕೆ ತೆಗೆಯುತ್ತಿದ್ದರು. ಹಸಿಯಾಗಿ ಅಳೆದು ಮಾರುವ ಪದ್ಧತಿ ಆ ಕಾಲಕ್ಕೆ ಸರಿಯಾಗಿತ್ತು, ಏಕೆಂದರೆ ಒಣಗಿಸುವ ಕೆಲಸ ಕೊಂಡವರ ಮನೆಯಲ್ಲಿ ನಡೆಯುತ್ತಿತ್ತು.

1996ರ ಡಿಸೆಂಬರ್ 12ರಂದು ಕಾಡು ಉಳಿಸುವ ಕುರಿತಾದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ದೇಶದ ನಾಟಾ ವ್ಯಾಪಾರದ ದಾರಿಯನ್ನೇ ಬದಲಿಸಿತು. ಸರ್ಕಾರ ಒಪ್ಪಿದ ಅರಣ್ಯ ಕಾರ್ಯಯೋಜನೆ ಇಲ್ಲದೆ ಕಾಡಿನ ಮರ ಕಡಿಯುವುದು ನಿಂತಿತು. ಕಾಡು ಉಳಿಯಲು ಅದು ಬೇಕಿತ್ತು ಎಂದೇ ನಮ್ಮ ಅಭಿಪ್ರಾಯ. ಈಗ ನಮ್ಮಲ್ಲಿಗೆ ಬರುವ ಮರದಲ್ಲಿ ಹೆಚ್ಚಿನದು ರೈತರ ಜಮೀನಿನದು: ತೋಟದ ಬದುವಿನ ಸಾಗುವಾನಿ, ಹಿತ್ತಲಿನ ಹಲಸು. ಕಡಿಯುವ ಪರವಾನಗಿ, ಸಾಗಿಸುವ ರಹದಾರಿ ಎಲ್ಲ ಸರಿಯಾಗಿಯೇ ಬರುತ್ತದೆ. ಆದರೆ ಮರ ಎಳೆಯದು, ಹೋದ ವಾರ ಕಡಿದದ್ದು. ಮನೆ ಕಟ್ಟುವವರಿಗೂ ಈಗ ಎರಡು ಬೇಸಿಗೆ ಕಾಯುವ ಪುರುಸೊತ್ತಿಲ್ಲ.

ಎಳೆಯ ಮರದ ಲೆಕ್ಕ ಹೀಗಿದೆ. ದಿಮ್ಮಿ ಅಳೆಯುವಾಗ ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸುತ್ತೇವೆ. 36 ಇಂಚು ಸುತ್ತಳತೆ, 10 ಅಡಿ ಉದ್ದದ ಸಾಗುವಾನಿ ಹೀಗೆ ಸುಮಾರು 5.6 ಸಿಎಫ್‌ಟಿ. ಅದರ ಅಡ್ಡಗಲ ಹನ್ನೊಂದೂವರೆ ಇಂಚು. ಸುತ್ತಲೂ ಒಂದೂವರೆ ಇಂಚು ತೊಗಟೆ ಮತ್ತು ಬಿಳಿ ಭಾಗ ಹೋದರೆ ಚೇಗು ಎಂಟೂವರೆ ಇಂಚು, ಅಂದರೆ ಅದೇ ಸೂತ್ರದಲ್ಲಿ 3.1 ಸಿಎಫ್‌ಟಿ ಮಾತ್ರ. ಬಿಳಿ ಭಾಗಕ್ಕೆ ಕುಟ್ಟೆ ಹುಳ ಬೀಳುತ್ತದೆ, ಗೆದ್ದಲೂ ಬೇಗ ಹಿಡಿಯುತ್ತದೆ. ಗೋಡೆಗೆ ಕೂರಿಸುವ ಬಾಗಿಲವಾಡಕ್ಕೆ ಮತ್ತು ತೆರೆಯುವ ಬಾಗಿಲಿನ ಚೌಕಟ್ಟಿಗೆ ಇನ್ನು ಬಿಳಿ ಇರುವ ತುಂಡು ಹಾಕುವುದಿಲ್ಲ. ರೀಪಿಗೆ ಬೇಕೆಂದವರಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ಕೊಡುತ್ತೇವೆ. ಆದರೆ ಮಳೆ ಬೀಳುವ ಜಾಗಕ್ಕೆ ಅದನ್ನು ಬಳಸಬೇಡಿ, ಆ ಔಷಧ ನೀರಿನಲ್ಲಿ ತೊಳೆದುಹೋಗುತ್ತದೆ.

ಇನ್ನು ತೇವಾಂಶ. ಮರದ ಪೂರ್ತಿ ಒಣಗಿದ ತೂಕಕ್ಕೆ ನೂರಕ್ಕೆ ಎಷ್ಟು ನೀರಿದೆ ಎಂಬುದೇ ಆ ಅಂಕಿ. ಸುಮಾರು 30ರವರೆಗೆ ಇಳಿಯುವಾಗ ಮರ ಹಗುರಾಗುತ್ತದೆ, ಆದರೆ ಅಳತೆ ಬದಲಾಗುವುದಿಲ್ಲ. ಅದಕ್ಕಿಂತ ಕೆಳಗೆ ಇಳಿದಾಗಲೇ ಕುಗ್ಗಲು ಶುರು. ಕುಗ್ಗುವುದೂ ಒಂದೇ ಸಮನಲ್ಲ: ವರ್ಷದ ಬಳೆಗಳ ಗುಂಟ ಆಗುವ ಕುಗ್ಗು, ತಿರುಳಿನಿಂದ ಹೊರಕ್ಕೆ ಆಗುವುದರ ಸುಮಾರು ಎರಡರಷ್ಟು. ಹಲಗೆ ದೋಣಿಯ ಹಾಗೆ ಬಾಗುವುದು ಈ ವ್ಯತ್ಯಾಸದಿಂದ. ಬಾಗಿಲು ಕೂರಿಸಿದ ಮೇಲೆ ಇದೆಲ್ಲ ನಡೆದರೆ ಆಚಾರ್ರ ತಪ್ಪು ಎನ್ನುತ್ತಾರೆ. ಎಷ್ಟೋ ಸಲ ತಪ್ಪು ಅವರದ್ದಲ್ಲ, ಹಸಿ ಮರದ್ದು.

ನಾವು ಮಾಡುವ ಕ್ರಮ: ಕೊಯ್ದ ದಿನವೇ ಎರಡೂ ತುದಿಗೆ ಮೇಣ ಬಳಿಯುತ್ತೇವೆ, ಇಲ್ಲವಾದರೆ ತುದಿ ಬೇಗ ಒಣಗಿ ಸೀಳುತ್ತದೆ. ನೆಲದಿಂದ ಒಂದೂವರೆ ಅಡಿ ಮೇಲೆ, ಸೂರಿನಡಿ ಹಲಗೆಗಳನ್ನು ಸಾಲಾಗಿ ಪೇರಿಸಿ ಅಟ್ಟಿ ಕಟ್ಟುತ್ತೇವೆ. ಸಾಲು ಸಾಲಿನ ನಡುವೆ ಒಂದು ಇಂಚು ದಪ್ಪದ ಒಣ ಪಟ್ಟಿ, ಎರಡೆರಡು ಅಡಿಗೆ ಒಂದು. ಪಟ್ಟಿಗಳು ಮೇಲಿಂದ ಕೆಳಗೆ ಒಂದೇ ನೇರಕ್ಕೆ ಇರಲೇಬೇಕು, ತಪ್ಪಿದರೆ ಹಲಗೆ ಅಲ್ಲೇ ಸೊಟ್ಟಗಾಗುತ್ತದೆ. ಆಮೇಲೆ ಕಿಲ್ನ್, ಅಂದರೆ ಬಿಸಿ ಗಾಳಿಯಲ್ಲಿ ಮರ ಒಣಗಿಸುವ ಕೋಣೆ. ಸಾಗುವಾನಿ, ಹಲಸು ಹೇಳಿದಂತೆ ಕೇಳುತ್ತವೆ. ಮತ್ತಿ ಹಾಗಲ್ಲ, ಆತುರ ಮಾಡಿದರೆ ಮೈತುಂಬ ಬಿರುಕು. ಅದನ್ನು ಗಾಳಿ ನೇರವಾಗಿ ಬಡಿಯದಂತೆ ತಿಂಗಳುಗಟ್ಟಲೆ ಅಟ್ಟಿಯಲ್ಲಿ ಇಟ್ಟು, ತೇವಾಂಶ 30ಕ್ಕೆ ಇಳಿದ ಮೇಲಷ್ಟೇ ಕಿಲ್ನ್ ಒಳಗೆ ಹಾಕುತ್ತೇವೆ. ಹಾಗಾಗಿ ಮತ್ತಿ ಬೇಕಾದವರು ಪಾಯ ತೆಗೆಸುವಾಗಲೇ ಹೇಳಿಬಿಡಿ.

ಮನೆ ಎಲ್ಲಿದೆ ಎಂದು ಕೇಳುತ್ತೇವೆ, ದಯವಿಟ್ಟು ತಿಳಿಸಿ. ತೀರ್ಥಹಳ್ಳಿ, ಹೊಸನಗರದ ಕಡೆಗೆ ಬಾಗಿಲಿನ ಹಲಗೆಯ ತೇವಾಂಶ 14ರ ಆಸುಪಾಸು ಇದ್ದರೆ ಸಾಕು. ಚಿತ್ರದುರ್ಗದ ಒಣ ಹವೆಗೆ 10ರಿಂದ 12 ಬೇಕು. ಮೂರು ಇಂಚು ದಪ್ಪದ ಬಾಗಿಲವಾಡದ ತುಂಡು ನಡುವಿನವರೆಗೆ ಅಷ್ಟು ಒಣಗಲು ಬಹಳ ಕಾಲ ಬೇಕು, ಅದನ್ನು 16ರವರೆಗೆ ಇಳಿಸಿ ಕೊಡುತ್ತೇವೆ, ಬಿಲ್ಲಿನಲ್ಲೂ ಹಾಗೆಯೇ ಬರೆಯುತ್ತೇವೆ. ನಿಮ್ಮೆದುರೇ ಮೀಟರ್ ಹಿಡಿಯುತ್ತೇವೆ. ತುದಿಯಲ್ಲಿ ನೋಡಿದರೆ ಅಂಕಿ ಯಾವಾಗಲೂ ಕಡಿಮೆ ಬರುತ್ತದೆ. ತುದಿಯಿಂದ ಒಂದು ಅಡಿ ಒಳಗೆ, ಅನುಮಾನವಿದ್ದರೆ ಹೊಸದಾಗಿ ಕೊಯ್ದ ಮುಖದ ಮೇಲೆ ನೋಡಿ ಎಂದು ಒತ್ತಾಯಿಸಿ.

ದರದ ವಿಚಾರ. ಹಸಿಯಾಗಿ 5×3 ಇಂಚು, 7 ಅಡಿಯ ತುಂಡು 0.73 ಸಿಎಫ್‌ಟಿ. ಅದೇ ತುಂಡು ಒಣಗಿ ಉಜ್ಜುಗೊರಡು ಹೊಡೆದ ಮೇಲೆ ನಾಲ್ಕೂಮುಕ್ಕಾಲು ಇಂಚಿಗೆ ಎರಡೂಮುಕ್ಕಾಲು, 0.635 ಸಿಎಫ್‌ಟಿ. ಸುಮಾರು ನೂರಕ್ಕೆ 13 ಕಡಿಮೆ. ಹಳೆಯ ಅಳತೆಯಲ್ಲಿ 100 ರೂಪಾಯಿಯ ಸಿಎಫ್‌ಟಿ ಹೊಸ ಅಳತೆಯಲ್ಲಿ 115 ಆದರೆ ತುಂಡಿನ ಬೆಲೆ ಅಷ್ಟೇ ಆಯಿತು. ಒಣಗಿಸಿದ ಖರ್ಚು ಬಿಲ್ಲಿನಲ್ಲಿ ಬೇರೆ ಸಾಲಾಗಿ ಇರುತ್ತದೆ, ದರದೊಳಗೆ ಸೇರಿಸಿರುವುದಿಲ್ಲ. ಬೇರೆ ಕಡೆಯ ದರದೊಂದಿಗೆ ಹೋಲಿಸುವಾಗ ಮೊದಲು ಅಳತೆ ಹಸಿಯದೋ ಒಣಗಿದ್ದೋ ಕೇಳಿ.

ಒಣ ಮರ ಮತ್ತೆ ನೀರು ಹೀರುತ್ತದೆ, ಇದನ್ನು ಮರೆಯಬೇಡಿ. ಪ್ಲಾಸ್ಟರ್ ಹಸಿಯಿರುವ ಮನೆಯೊಳಗೆ ಹಲಗೆ ಪೇರಿಸಬೇಡಿ. ಬಾಗಿಲಿನ ಮೇಲಂಚು, ಕೆಳಂಚಿಗೂ ಪಾಲಿಶ್ ಬೀಳಲಿ. ಆಷಾಢದಲ್ಲಿ ಬಾಗಿಲು ಬಿಗಿಯಾಗುವುದಕ್ಕೆ ಬಣ್ಣ ಕಾಣದ ಆ ಅಂಚುಗಳೇ ಹೆಚ್ಚಾಗಿ ಕಾರಣ. ಬೇಸಿಗೆಯಲ್ಲಿ ಕೂರಿಸುವುದಾದರೆ ಸುತ್ತ 3 ಮಿಲಿಮೀಟರ್ ಸಂದು ಬಿಡಿಸಿ. ಹೊನ್ನೆಗೆ ಗೋಡೆ ತಾಗುವ ಬೆನ್ನಿನ ಕಡೆ ಪ್ರೈಮರ್ ಹೊಡೆಸಲೇಬೇಕು, ಇಲ್ಲದಿದ್ದರೆ ಅದರ ಬಣ್ಣ ಸುಣ್ಣಕ್ಕೆ ಇಳಿಯುತ್ತದೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರ, ಹಳೆಯ ಅಳತೆಯೇ ನಡೆಯುತ್ತದೆ. ಅವರಲ್ಲಿ ಒಣಗಿದ್ದೇ ಬೇಕೆನ್ನುವವರು ರಸೀದಿ ತಂದರೆ ವ್ಯತ್ಯಾಸ ಲೆಕ್ಕ ಹಾಕಿ ಬದಲಿಸಿ ಕೊಡುತ್ತೇವೆ. ತಮ್ಮದೇ ಜಮೀನಿನ ಮರ ಕೊಯ್ಸಿ ಒಣಗಿಸಿಕೊಳ್ಳಬೇಕೆಂದವರು ಪರವಾನಗಿ ಮತ್ತು ರಹದಾರಿಯ ಪ್ರತಿ ತರಬೇಕು. ದಿಮ್ಮಿಯ ತುದಿಗೆ ಕಡಿದ ದಿನವೇ ದಪ್ಪಗೆ ಬಣ್ಣ ಬಳಿದು ಕಳುಹಿಸಿ.

ಇಂತಿ,
ಡಿಪೋದ ಮನೆಯವರು ಮತ್ತು ಕೆಲಸಗಾರರು