ಬಾಯಿ ಕ್ಯಾನ್ಸರ್‌ಗೆ ಕಿಮೋ ಕುರ್ಚಿಯೊಂದೇ ಸಾಲದು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರಗಳು (ಕುರ್ಚಿಯಲ್ಲಿ ಕೂತು ಕ್ಯಾನ್ಸರ್ ಔಷಧಿ ಹಾಕಿಸಿಕೊಂಡು ಅದೇ ದಿನ ಮನೆಗೆ ಹೋಗುವ ಜಾಗ) ಶುರುವಾಗಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಸ್ತನ ಕ್ಯಾನ್ಸರ್ ಇರುವ ಎಷ್ಟೋ ಹೆಣ್ಣುಮಕ್ಕಳಿಗೆ ಒಂದು ಡ್ರಿಪ್‌ಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕೂರುವುದು ತಪ್ಪುತ್ತದೆ. ಆದರೆ ಗುಟ್ಕಾ, ಎಲೆಅಡಿಕೆ, ಹೊಗೆಸೊಪ್ಪು ಜಗಿದು ಬಾಯಿ ಕ್ಯಾನ್ಸರ್ ಬಂದವರ ಲೆಕ್ಕವೇ ಬೇರೆ.

ಬಾಯಿ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮೊದಲು ಆಪರೇಷನ್. ಆಮೇಲೆ ಬೇಕಿದ್ದರೆ ರೇಡಿಯೇಷನ್. ಕಿಮೋ ಎಲ್ಲರಿಗೂ ಬೇಕಿಲ್ಲ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ, ಇಲ್ಲವೇ ಕುತ್ತಿಗೆಯ ಗಂಟಿನಿಂದ ಆಚೆಗೂ ಹಬ್ಬಿದ್ದರೆ, ರೇಡಿಯೇಷನ್ ನಡೆಯುವ ವಾರಗಳಲ್ಲೇ ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧಿ ಕೊಡುತ್ತಾರೆ. ರೇಡಿಯೇಷನ್ನಿನ ಏಟು ಜೋರಾಗಿ ಬೀಳಲಿ ಎಂದೇ ಅದನ್ನು ಕೊಡುವುದು. ರೇಡಿಯೇಷನ್ ಯಂತ್ರ ಒಂದೂರಲ್ಲಿ, ಕಿಮೋ ಕುರ್ಚಿ ಇನ್ನೊಂದೂರಲ್ಲಿ ಇದ್ದರೆ ಇವರೇನು ಮಾಡಬೇಕು?

ನಮ್ಮ ದೊಡ್ಡಪ್ಪನ ಜೊತೆ ಆಸ್ಪತ್ರೆಯಲ್ಲಿದ್ದವನು ನಾನು. ಸಿಸ್ಪ್ಲಾಟಿನ್ ಕೊಡುವ ಮುಂಚೆ ರಕ್ತ ಪರೀಕ್ಷೆ, ಕಿಡ್ನಿ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ಸರಿ ಇದ್ದರೆ ಮಾತ್ರ ಮುಂದಿನ ಮಾತು. ಕಿಡ್ನಿಗೆ ಪೆಟ್ಟು ಬೀಳದಿರಲೆಂದು ಬಾಟಲಿ ಮೇಲೆ ಬಾಟಲಿ ಸಲೈನ್. ಮೂತ್ರ ಎಷ್ಟು ಹೋಯಿತೆಂದು ಅಳೆದು ಚೀಟಿಯಲ್ಲಿ ಬರೆದಿಡಬೇಕು. ಕೆಲವು ವಾರ ಕಳೆಯುವಷ್ಟರಲ್ಲಿ ಬಾಯೆಲ್ಲ ಹುಣ್ಣು, ಎಂಜಲು ನುಂಗುವುದೂ ಕಷ್ಟ. ಮೂಗಿಗೆ ಹಾಕಿದ ನಳಿಕೆಯಲ್ಲಿ ಸೋಸಿದ ರಾಗಿ ಅಂಬಲಿ ಬಿಡುತ್ತಿದ್ದೆವು. ಶುಕ್ರವಾರ ಊರಿಗೆ ಹೋದ ಕೆಲವರು ಸೋಮವಾರ ವಾಪಸ್ ಬರುತ್ತಲೇ ಇರಲಿಲ್ಲ. ಔಷಧಿ ಖರ್ಚು ಸರ್ಕಾರಿ ಆರೋಗ್ಯ ಕಾರ್ಡಿನಲ್ಲಿ ಆಗುತ್ತಿತ್ತು. ರೂಮು ಬಾಡಿಗೆಗೆ, ಜೊತೆಗಿರುವವರ ಊಟಕ್ಕೆ ಅವರ ಹತ್ತಿರ ದುಡ್ಡಿರಲಿಲ್ಲ. ರೇಡಿಯೇಷನ್ ನಡುವೆ ನಿಲ್ಲಿಸಿದರೆ ಉಳಿದ ಕ್ಯಾನ್ಸರ್ ಮತ್ತೆ ಚಿಗುರಬಹುದು. ಇದು ನಿಮ್ಮ ಇಲಾಖೆಯ ಡಾಕ್ಟರುಗಳಿಗೆ ಗೊತ್ತಿರುವ ವಿಷಯವೇ ಅಲ್ವಾ?

ರೇಡಿಯೇಷನ್ ಇರುವ ಪ್ರತಿ ಸರ್ಕಾರಿ ಆಸ್ಪತ್ರೆಯ ಹತ್ತಿರ ರೋಗಿ ಮತ್ತು ಜೊತೆಗಿರುವ ಒಬ್ಬರಿಗೆ ರೇಡಿಯೇಷನ್ ನಡೆಯುವ ಆರೇಳು ವಾರ ಉಳಿಯುವ ಜಾಗ, ಎರಡು ಹೊತ್ತಿನ ಊಟ ಕೊಡಿ. ನಾನು ಕೇಳುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು.

ಹಾಗಂತ ಜಿಲ್ಲಾ ಕೇಂದ್ರಗಳು ಇವರಿಗೆ ಬೇಡವೇ ಬೇಡ ಎಂದಲ್ಲ. ಆಪರೇಷನ್ ಮಾಡಲಾಗದಷ್ಟು ಹರಡಿದವರಿಗೆ, ರೋಗ ಮರುಕಳಿಸಿದವರಿಗೆ ಆಯುಷ್ಯವನ್ನು ಒಂದಿಷ್ಟು ಹೆಚ್ಚಿಸುವುದಕ್ಕೆ, ನೋವು ತಗ್ಗಿಸುವುದಕ್ಕೆ ಕಿಮೋ ಬೇಕು. ಇಂಥ ತಲೆ-ಕುತ್ತಿಗೆ ಕ್ಯಾನ್ಸರ್‌ನ (ಬಾಯಿ ಕ್ಯಾನ್ಸರ್ ಕೂಡ ಇದರಲ್ಲೇ ಸೇರುತ್ತದೆ) 422 ರೋಗಿಗಳ ಮೇಲೆ ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೆಲವರಿಗೆ ಕೊಟ್ಟದ್ದು ಎರಡು ಮಾತ್ರೆ: ಮೆಥೋಟ್ರೆಕ್ಸೇಟ್ ಎಂಬ ಕಿಮೋ ಮಾತ್ರೆ ವಾರಕ್ಕೊಮ್ಮೆ, ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ ದಿನಕ್ಕೆರಡು ಸಲ. ಈ ಮಾತ್ರೆ ನುಂಗಿದವರಲ್ಲಿ ಅರ್ಧದಷ್ಟು ಜನ 7.5 ತಿಂಗಳು ದಾಟಿ ಬದುಕಿದರು. ಸಿಸ್ಪ್ಲಾಟಿನ್ ಡ್ರಿಪ್ ಪಡೆದವರಲ್ಲಿ ಅದು 6.1 ತಿಂಗಳು. ತೀವ್ರ ಅಡ್ಡಪರಿಣಾಮವೂ ಮಾತ್ರೆಯಲ್ಲೇ ಕಡಿಮೆ. ಆ ದಿನಗಳನ್ನು ಆಸ್ಪತ್ರೆಯ ಮಂಚದಲ್ಲಲ್ಲ, ಮನೆಯಲ್ಲಿ ಕಳೆಯಬಹುದು. ಎರಡೂ ಹಳೆಯ, ಅಗ್ಗದ ಮಾತ್ರೆಗಳು.

ಇವನ್ನು, ಜೊತೆಗೆ ನೋವಿಗೆ ಮಾರ್ಫಿನ್ ಮಾತ್ರೆಯನ್ನು, ಪ್ರತಿ ಜಿಲ್ಲಾ ಕೇಂದ್ರದಲ್ಲೂ ತಪ್ಪದೆ ಸಿಗುವಂತೆ ಮಾಡಿ. ಮೆಥೋಟ್ರೆಕ್ಸೇಟ್ ಕೊಡುವಾಗ ಕವರಿನ ಮೇಲೆ ‘ವಾರಕ್ಕೊಮ್ಮೆ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿ. ತಿಳಿಯದೆ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ರೋಗಿಯ ಮನೆಯವ