ಲಂಟಾನ ಕಿತ್ತ ಜಾಗದಲ್ಲಿ ಮೊದಲು ಹುಲ್ಲು ಬರಲಿ

ಮಾನ್ಯ ಸಂಪಾದಕರೇ,

ಜುಲೈ ತಿಂಗಳ ವನಮಹೋತ್ಸವದಲ್ಲಿ ಪ್ರತಿವರ್ಷವೂ ನೆಟ್ಟ ಸಸಿಗಳ ಲೆಕ್ಕವೇ ಸುದ್ದಿಯಾಗುತ್ತದೆ. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಶಿಯವರು ಆರಂಭಿಸಿದ ಈ ಆಚರಣೆ ರಸ್ತೆಬದಿಗೂ ಶಾಲೆಯ ಆವರಣಕ್ಕೂ ಒಪ್ಪುವಂಥದ್ದು. ಆದರೆ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ವನ್ಯಜೀವಿಗಳ ನೆಲೆ ಮರಳಬೇಕಾದರೆ ಲಂಟಾನದಂಥ ಕಳೆ ತೆಗೆಯುವುದೇ ಮೊದಲ ಕೆಲಸವಾಗಬೇಕು, ಸಸಿಯ ಮಾತು ಆಮೇಲಿನದು.

ಅಲಂಕಾರಕ್ಕೆಂದು ಹೊರದೇಶದಿಂದ ತಂದ ಲಂಟಾನದ ದಟ್ಟ ಪೊದೆಯಡಿ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದೆಡೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ದೂರದೂರಕ್ಕೆ ಹರಡುತ್ತವೆ. ಬೇಸಿಗೆಯಲ್ಲಿ ಒಣಗಿದ ಪೊದೆಗಳು ನೆಲದ ಬೆಂಕಿಯನ್ನು ಮರದ ಕೊಂಬೆಗಳವರೆಗೆ ಏರಿಸುತ್ತವೆ; 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯ ಆರಂಭದಲ್ಲೇ ನೆಲದ ತರಗೆಲೆಗಳಿಗೆ ಹಾಕುತ್ತಿದ್ದ ಸಣ್ಣ ‘ತರಗು ಬೆಂಕಿ’ ನಿಂತ ಮೇಲೆ ಲಂಟಾನ ಹೆಚ್ಚಿತೆಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಅವರ ಮಾತಿಗೆ ಸಿಗಬೇಕಾದ ಬೆಲೆ ಇನ್ನೂ ಸಿಕ್ಕಿಲ್ಲವೆಂಬುದು ನನ್ನ ಅನಿಸಿಕೆ. ಹಳದಿ ಹೂವಿನ ಚೆಂದಕ್ಕೆ ಮರುಳಾಗಿ ನಾವೇ ನೆಟ್ಟು ಬೆಳೆಸಿದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರ ಕೂಡ ಈಗ ಕಾಡಿನೊಳಗೆ ಹಬ್ಬಿದೆ.

ಇವನ್ನು ಮೇಲಿಂದ ಕಡಿದರೆ ಬುಡದಿಂದ ಮತ್ತಷ್ಟು ಚಿಗುರು ಒಡೆಯುತ್ತವೆ. ಯಂತ್ರದಿಂದ ಕಿತ್ತರೆ ಕೆದಕಿದ ಮಣ್ಣಿನಲ್ಲಿ ಹಳೆಯ ಬೀಜಗಳು ಮೊಳೆಯುತ್ತವೆ. ಲಂಟಾನದ ತಾಯಿಬೇರನ್ನು ಚಿಗುರು ಹುಟ್ಟುವ ಭಾಗಕ್ಕಿಂತ ಕೆಳಗೆ ಕಡಿದು, ಬುಡವನ್ನು ತಲೆಕೆಳಗಾಗಿ ಇಟ್ಟು ಒಣಗಿಸುವ ವಿಧಾನ ಪರಿಣಾಮಕಾರಿ. ಹಣ್ಣಾಗುವ ಮೊದಲೇ ಇದನ್ನು ಮುಗಿಸಿ, ಮುಂದಿನ ಎರಡು ಮೂರು ಮಳೆಗಾಲಗಳಲ್ಲೂ ಅಲ್ಲಿಗೆ ಹೋಗಿ ಹೊಸ ಸಸಿಗಳನ್ನು ಕೀಳದಿದ್ದರೆ ಮೊದಲ ವರ್ಷದ ಖರ್ಚೆಲ್ಲ ವ್ಯರ್ಥವೇ.

ಕಳೆ ತೆಗೆದ ಜಾಗದಲ್ಲಿ ಸಾಲಾಗಿ ಗುಂಡಿ ತೋಡಿ ಸಸಿ ತುಂಬುವ ಆತುರ ಬೇಡ. ಸ್ಥಳೀಯ ಹುಲ್ಲಿನ ಬೀಜ ಎರಚಿ, ಸುತ್ತಲಿನ ಮರಗಳ ಬೀಜಗಳಿಗೆ ಮೊಳೆಯಲು ಅವಕಾಶ ಕೊಟ್ಟು, ತಾಯಿಮರಗಳೇ ಉಳಿದಿಲ್ಲದ ಕಡೆ ಮಾತ್ರ ನೆಲ್ಲಿ, ಮತ್ತಿ, ಹೊನ್ನೆ, ತಾರೆಯಂಥ ಅಲ್ಲಿನವೇ ಗಿಡಗಳನ್ನು ನೆಟ್ಟರೆ ಸಾಕು.

ಆದ್ದರಿಂದ ಅರಣ್ಯ ಇಲಾಖೆಯು ಈ ಕೆಲಸವನ್ನು ಒಂದೇ ವರ್ಷದ ಟೆಂಡರ್‌ಗೆ ಮುಗಿಸದೆ, ಕನಿಷ್ಠ ಮೂರು ವರ್ಷಗಳ ಅವಧಿಗೆ, ನ್ಯಾಯವಾದ ಕೂಲಿಯೊಂದಿಗೆ ಸೋಲಿಗರು ಮತ್ತು ಜೇನುಕುರುಬರ ಗ್ರಾಮಸಭೆಗಳ ಮೂಲಕ ಮಾಡಿಸಬೇಕು. ಕಿತ್ತ ಜಾಗದಲ್ಲಿ ಪ್ರತಿವರ್ಷ ಹುಲ್ಲು ಎಷ್ಟು ಮರಳಿದೆ ಎಂಬ ವರದಿಯನ್ನೂ ಪ್ರಕಟಿಸಬೇಕು.

ಇತಿ,
ಓದುಗ, ಗುಂಡ್ಲುಪೇಟೆ